ನಮ್ಮತ್ತೆ ಮೊದಲ ಅತಿಥಿ

“ಇದು ಆಗೂ ಮಾತಲ್ಲ ಬಿಡವಾ.”

ಹೀಗೆ ಹೇಳಿದವರು ನನ್ನ ಅತ್ತೆ. ನಮ್ಮವರ ತಾಯಿ. ಅಮೆರಿಕದಲ್ಲಿ, ಮುಕಿಲ್ಟಿಯೊ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು, ಜೋಳದ ಹಿಟ್ಟು ನಾದುತ್ತಾ, ತಿರುಗಿ ಕೂಡ ನೋಡದೆ ಹೇಳಿದ್ದರು. ಕಾಲೇಜು ಸೇರಿ ಡಿಗ್ರಿ ಮಾಡ್ತೀನಿ ಎಂದು ನಾನು ಆಗಷ್ಟೇ ಬಾಯಿಬಿಟ್ಟಿದ್ದೆ. ನನಗೆ ಆಗ ಮೂವತ್ತೆಂಟು. ಮಗಳು ಮೇಘಾ ಮಿಡ್ಲ್ ಸ್ಕೂಲು. ಕೈಯಲ್ಲಿದ್ದದ್ದು ಪಿಯುಸಿ, ಅದೂ ಗಣಿತದಲ್ಲಿ ಅಂಚಿಗೆ ಬಂದು ನಿಂತದ್ದು.

ಬೇರೆಯವರು ಹೇಳಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. ಅತ್ತೆಯ ಜೊತೆ ಅದು ನಡೆಯುವುದಿಲ್ಲ. ಅವರು ಯಾವ ಮಾತನ್ನೂ ಎರಡು ಸಲ ಹೇಳುವವರಲ್ಲ. ಮೊದಲ ಸಲದ ಮಾತಿನಿಂದ ನಾವು ಸುಧಾರಿಸಿಕೊಳ್ಳುವಷ್ಟರಲ್ಲಿ ರೊಟ್ಟಿ ಹಂಚಿನ ಮೇಲಿರುತ್ತದೆ.

ನನ್ನ ತವರು ಗಜೇಂದ್ರಗಡ. ಅಪ್ಪನದು ಹಿಟ್ಟಿನ ಗಿರಣಿ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವಳೇ ನಾನೊಬ್ಬಳು. ಪಿಯುಸಿ ರಿಸಲ್ಟ್ ಬಂದ ಬೇಸಿಗೆಯಲ್ಲೇ ಮದುವೆ. ಹಾಗಾಗಿ ಡಿಗ್ರಿ ಎನ್ನುವುದು ನನಗೆ ಬೇರೆಯವರ ಮನೆಯ ಪಡಸಾಲೆಯಲ್ಲಿ ಗೋಡೆಗೆ ತೂಗುಹಾಕಿದ ವಸ್ತು. ಅಂತಹ ನಾನು ಮೊದಲು ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ದೊಡ್ಡ ಕ್ಯಾಂಪಸ್ಸು ಸೇರಿದೆ. ಲೈಟ್ ರೈಲಿನಲ್ಲಿ ಕೂತು ಹೋಮ್‌ವರ್ಕ್. ಮಗಳ ವಯಸ್ಸಿಗಿಂತ ತುಸು ದೊಡ್ಡ ಹುಡುಗರ ಜೊತೆ ಗ್ರೂಪ್ ಪ್ರಾಜೆಕ್ಟು. ವಿಷಯ ಸಂಖ್ಯಾಶಾಸ್ತ್ರ. (ಹೌದು, ಅದೇ ಗಣಿತದ ಹುಡುಗಿ.) ನಡುವೆ ಎರಡು ಕೋರ್ಸು ಫೇಲಾದೆ. ಮತ್ತೆ ಕಟ್ಟಿದೆ, ಪಾಸಾದೆ.

ಅತ್ತೆ ಆಗಾಗ ಊರಿನಿಂದ ಬಂದು ಆರಾರು ತಿಂಗಳು ನಮ್ಮ ಜೊತೆ ಇರುತ್ತಾರೆ. ಅವರಿದ್ದಾಗ ನನಗೆ ಅಡುಗೆಯ ಚಿಂತೆಯಿಲ್ಲ. ಪರೀಕ್ಷೆಯ ದಿನ ಬ್ಯಾಗಿನಲ್ಲಿ ರೊಟ್ಟಿ, ಪಲ್ಯದ ಡಬ್ಬಿ ತಾನಾಗಿಯೇ ಬಂದು ಕೂತಿರುತ್ತಿತ್ತು. ಆದರೆ ಪರೀಕ್ಷೆ ಹೇಗಾಯಿತು ಎಂದು ಅವರು ಒಂದು ದಿನವೂ ಕೇಳಿದವರಲ್ಲ. ನಾನು ಹೇಳಲು ಹೋದರೆ, “ಡಬ್ಬಿ ತೊಳದಿಟ್ಟಿಯೇನ?”

ಈ ಜೂನ್‌ನಲ್ಲಿ ಗ್ರಾಜುಯೇಶನ್. ಅತ್ತೆ ಇಳಕಲ್ ಸೀರೆ ಉಟ್ಟುಕೊಂಡು ಬಂದು ಸ್ಟೇಡಿಯಮ್‌ನಲ್ಲಿ ಕೂತರು. ನಾನು ವೇದಿಕೆ ಹತ್ತಿ ಇಳಿದು, ಫೋಲ್ಡರ್ ಹಿಡಿದುಕೊಂಡು, ಓಡೋಡಿ ಅವರ ಹತ್ತಿರ ಹೋದೆ. ಅವರು ಅದನ್ನು ತೆರೆದು ನೋಡಿದರು.

“ಒಳಗ ಏನೂ ಇಲ್ಲಲ್ಲ?”

ನಿಜ. ಇಲ್ಲಿ ಅವತ್ತು ಕೊಡುವುದು ಖಾಲಿ ಫೋಲ್ಡರು. ಅಸಲಿ ಸರ್ಟಿಫಿಕೇಟು ತಿಂಗಳುಗಳ ನಂತರ ಪೋಸ್ಟಿನಲ್ಲಿ ಬರುತ್ತದೆ. ಇದನ್ನು ವಿವರಿಸಿದೆ. ಅತ್ತೆ ತಲೆಯಾಡಿಸಿದರು. ಆಮೇಲೆ, “ಬಿಸಲ ಭಾಳ ಐತಿ, ನಡೀರಿ” ಅಂದರು. ಅಲ್ಲಿಗೆ ಮುಗಿಯಿತು.

ಒಂದು ಮಾತು. ನನಗೆ ಬೇಕಾಗಿದ್ದದ್ದು ಅಷ್ಟೇ. ಶಭಾಷ್ ಅನ್ನಬೇಕಿರಲಿಲ್ಲ. ‘ಆತಲ್ಲ’ ಅಂದಿದ್ದರೂ ಸಾಕಿತ್ತು. ನಲವತ್ತೈದು ವರ್ಷದ ಹೆಂಗಸಿಗೆ ಇದೆಲ್ಲ ಬೇಕಾ ಎಂದು ನೀವು ಕೇಳಬಹುದು. ಬೇಕು. ಯಾಕೆ ಎಂದು ನನಗೂ ಗೊತ್ತಿಲ್ಲ, ಆದರೆ ಬೇಕು.

ಸೆಪ್ಟೆಂಬರ್‌ನಲ್ಲಿ ಸರ್ಟಿಫಿಕೇಟು ಬಂತು. ಗಟ್ಟಿ ರಟ್ಟಿನ ಕವರು, ಡೈನಿಂಗ್ ಟೇಬಲ್ ಮೇಲೆ. ತೆರೆದು ನೋಡಿ, ಒಂದಷ್ಟು ಅತ್ತು, ಮತ್ತೆ ಕವರಿಗೇ ಹಾಕಿಟ್ಟೆ. ಅತ್ತೆ ಕೇಳಲಿಲ್ಲ. ನಾನೂ ತೋರಿಸಲಿಲ್ಲ. ಕೇಳಿದರೆ ತಾನೆ ತೋರಿಸುವುದು? ಹಟವೆಂದರೆ ಹಟ. ಅವರ ಮನೆಯಲ್ಲೇ ಕಲಿತದ್ದು.

ಮೇಘಾಗೆ ಮಾತ್ರ ತಡೆಯಲಿಲ್ಲ. “ಅಮ್ಮಾ, ನೌ ಇಟ್ ಈಸ್ ರಿಯಲ್. ವಿ ಆರ್ ಗೋಯಿಂಗ್ ಔಟ್” ಎಂದವಳೇ ಒಂದು ಜಪಾನೀ ಊಟದ ಮನೆಯನ್ನು ಬುಕ್ ಮಾಡಿಬಿಟ್ಟಳು. ಸುಶಿ ಅಂಗಡಿಯಲ್ಲ. ಕೈಸೆಕಿ. ಅಂದರೆ ಅವರ ಚಹಾ ಸಮಾರಂಭದ ಜೊತೆ ಹುಟ್ಟಿಕೊಂಡ ಊಟ. ಬರಿಹೊಟ್ಟೆಯಲ್ಲಿ ಕಡು ಚಹಾ ಕುಡಿಸಬಾರದು ಎಂದು ಅತಿಥಿಗೆ ಮೊದಲು ನಾಲ್ಕು ತುತ್ತು ಬಡಿಸುತ್ತಿದ್ದರಂತೆ. ಅದೇ ಬೆಳೆದು ಒಂದರ ಹಿಂದೊಂದು ಬರುವ ಪುಟ್ಟ ಪುಟ್ಟ ತಿನಿಸುಗಳ ದೊಡ್ಡ ಊಟವಾಗಿದೆ.

“ಚಾ ಕುಡ್ಯಾಕ ಊಟ ಮಾಡಬೇಕೇನ?” ಅತ್ತೆ ಕಾರಿನಲ್ಲಿ ಕೇಳಿದರು. “ನಮ್ಮ ಕಡೆ ಊಟ ತಪ್ಪಿಸಾಕ ಚಾ ಕುಡೀತಾರ.”

ಮೇಘಾ ಮೊದಲೇ ಫೋನ್ ಮಾಡಿ, ನಾವು ಮಾಂಸ ಮೀನು ತಿನ್ನುವುದಿಲ್ಲ, ಸಾರಿನ ನೀರಿಗೂ ಮೀನು ಬೀಳಬಾರದು ಎಂದು ಹೇಳಿದ್ದಳು. ಅವರು ಒಪ್ಪಿ, ಕಡಲಪಾಚಿ ಮತ್ತು ಒಣ ಅಣಬೆಯ ನೀರಿನಲ್ಲೇ ಎಲ್ಲ ಮಾಡುತ್ತೇವೆ ಎಂದಿದ್ದರಂತೆ. ಆದರೂ ಅತ್ತೆ ತಮ್ಮ ಕೈಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡಿದ್ದರು. (ನಾನು ನನ್ನ ಬ್ಯಾಗಿನಲ್ಲಿ ಆ ರಟ್ಟಿನ ಕವರು ಇಟ್ಟುಕೊಂಡಿದ್ದೆ. ಯಾಕೆ ಎಂದು ಕೇಳಬೇಡಿ.)

ಒಳಗೆ ಒಂದು ಚಿಕ್ಕ ಕೋಣೆ. ನೆಲಕ್ಕೆ ಹುಲ್ಲಿನ ಚಾಪೆ. ಒಂದು ಮೂಲೆಯಲ್ಲಿ ಗೂಡಿನಂತಹ ಜಾಗ. ಅಲ್ಲಿ ಏನೋ ಬರೆದ ಪಟ, ಕೆಳಗೆ ಹೂದಾನಿ, ಅದರಲ್ಲಿ ಒಂದೇ ಒಂದು ಕಾಡುಹೂವು. ನಮ್ಮವರಿಗೆ ಮಂಡಿನೋವು, ಅವರಿಗೊಂದು ಚಿಕ್ಕ ಸ್ಟೂಲು ತರಿಸಬೇಕಾಯಿತು. ಅತ್ತೆ ಮಾತ್ರ ಚಕ್ಕಂಬಕ್ಕಲ ಹಾಕಿ ಆರಾಮಾಗಿ ಕೂತರು. “ನೆಲದ ಮ್ಯಾಲೆ ಕುಂತು ಉಣ್ಣಾಕ ಇಷ್ಟ ದೂರ ಬರಬೇಕಿತ್ತೇನ?”

ಕೂತದ್ದು ಎಲ್ಲಿ? ಅಲ್ಲೇ ಇರುವುದು ಕಥೆ. ಆ ಹೂವಿನ ಪಕ್ಕದ ಜಾಗ ಚೆನ್ನಾಗಿ ಕಂಡಿತು. ಹಿರಿಯರು ಎಂದಮೇಲೆ ಒಳ್ಳೆಯ ಜಾಗ ಅವರಿಗೇ ಅಲ್ಲವೇ? ಕೈಹಿಡಿದು ನಾನೇ ಕೂಡಿಸಿದೆ. ಪಕ್ಕದಲ್ಲಿ ನಾನು ಕೂತೆ. ಆಮೇಲೆ ಮಗಳು, ಕೊನೆಗೆ ನಮ್ಮವರು.

ಮೇಘಾ ನನ್ನ ಕಿವಿಯಲ್ಲಿ ಉಸುರಿದಳು. “ಅಮ್ಮಾ, ದಟ್ ವಾಸ್ ಯುವರ್ ಸೀಟ್. ಯು ಆರ್ ದ ಮೇನ್ ಗೆಸ್ಟ್.”

“ಕೂತ ಹಿರಿಯರನ್ನ ಎಬ್ಬಿಸ್ತಾರೇನೇ?”

ಅಷ್ಟರಲ್ಲಿ ಬಾಗಿಲು ಸರಿಯಿತು. ಆ ಮನೆಯ ಯಜಮಾನಿ ಒಳಬಂದರು. ಅರವತ್ತರ ಆಸುಪಾಸಿನ ಹೆಂಗಸು, ಬೂದುಬಣ್ಣದ ಕಿಮೊನೊ. ಚಾಪೆಯ ಮೇಲೆ ಕೈಯೂರಿ, ಅತ್ತೆಗೆ, ಅತ್ತೆಗೆ ಮಾತ್ರ, ತಲೆಬಾಗಿ ನಮಸ್ಕಾರ ಮಾಡಿದರು.

ಅವರ ಪದ್ಧತಿ ಹೀಗಂತೆ. ಹೂವಿನ ಪಕ್ಕ ಕೂತವರೇ ಮೊದಲ ಅತಿಥಿ. ಯಜಮಾನಿಯ ಜೊತೆ ಮಾತಾಡುವುದು ಅವರೊಬ್ಬರೇ. ಎಲ್ಲರ ಪರವಾಗಿ ಕೇಳುವುದು, ಮೆಚ್ಚುವುದು, ಉತ್ತರ ಕೊಡುವುದು ಅವರ ಜವಾಬ್ದಾರಿ. ಉಳಿದವರು ಸುಮ್ಮನಿದ್ದು ಉಣ್ಣಬೇಕು.

ಅಂದರೆ ಆ ಸಂಜೆ ನಮ್ಮೆಲ್ಲರ ಪರವಾಗಿ ಮಾತಾಡಬೇಕಾದವರು, ಇಂಗ್ಲಿಷ್ ಬಾರದ, ಮೆಚ್ಚುವ ಅಭ್ಯಾಸವೇ ಇಲ್ಲದ ನಮ್ಮತ್ತೆ. ಕೂಡಿಸಿದವಳು ನಾನೇ.

ಯಜಮಾನಿಯ ಇಂಗ್ಲಿಷನ್ನು ನಮ್ಮವರು ಕನ್ನಡಕ್ಕೆ ತರುವುದು, ಅತ್ತೆಯ ಕನ್ನಡವನ್ನು ಮೇಘಾ ಇಂಗ್ಲಿಷಿಗೆ ಒಯ್ಯುವುದು ಎಂದಾಯಿತು. ಮೊದಲ ಪ್ರಶ್ನೆಯೇ ನನಗೆ ಬೇಕಾದ ಜಾಗಕ್ಕೆ ಬಂತು.

“ಅವ್ವಾ, ಬುಕ್ ಮಾಡುವಾಗ ಸಂತೋಷದ ಊಟ ಅಂತ ಅಷ್ಟೇ ಹೇಳಿದ್ರಂತ. ಏನ ಸಂತೋಷ ಅಂತ ನಿನ್ನ ಕೇಳಾಕತ್ತಾರ” ಅಂದರು ನಮ್ಮವರು.

ಅತ್ತೆ ಹೂವನ್ನು ನೋಡಿದರು. ಪಟ ನೋಡಿದರು. ನನ್ನ ಕಡೆ ಕೂಡ ಒಂದು ಕ್ಷಣ ನೋಡಿದರು.

“ಉಣ್ಣಾಕ ಕರದಿದ್ರು, ಬಂದೇವಿ ಅಂತ ಹೇಳು.”

ಮೇಘಾ ಬಹಳ ಜಾಣೆ. “ಶೀ ಸೇಸ್ ವಿ ಆರ್ ಆನರ್ಡ್ ಟು ಬಿ ಹಿಯರ್” ಎಂದಳು. ಯಜಮಾನಿ ನಕ್ಕು ಒಳಗೆ ಹೋದರು. ನಾನು ಚಾಪೆಯ ಹೆಣಿಗೆಯನ್ನು ನೋಡುತ್ತಾ ಕೂತೆ.

ಊಟ ಬಂತು. ಒಂದು ಕರಿ ತಟ್ಟೆ, ಎರಡು ಮುಚ್ಚಿದ ಬಟ್ಟಲು. ಒಂದರಲ್ಲಿ ಆಗಷ್ಟೇ ಬೆಂದ ಎರಡು ತುತ್ತು ಅನ್ನ, ಇನ್ನೊಂದರಲ್ಲಿ ಹುದುಗಿಸಿದ ಸೋಯಾ ಮುದ್ದೆಯ ಮಿಸೊ ಸಾರು. ಇಲ್ಲಿ ಇನ್ನೊಂದು ಪದ್ಧತಿ. ಮೊದಲ ಅತಿಥಿ ತಾನು ಶುರುಮಾಡುವ ಮುನ್ನ ಪಕ್ಕದವರತ್ತ ತಿರುಗಿ, ತುಸು ಬಾಗಿ, ‘ನಿಮಗಿಂತ ಮೊದಲು ನಾನು’ ಎಂದು ಹೇಳಬೇಕು. ಪಕ್ಕದವಳು ಯಾರು? ನಾನು.

ನಮ್ಮವರು ಅನುವಾದಿಸಿದಾಗ ಅತ್ತೆ ಚಮಚ ಕೆಳಗಿಟ್ಟರು. (ಅವರಿಗೆಂದು ಯಜಮಾನಿ ಮರದ ಚಮಚವೊಂದನ್ನು ಕೊಟ್ಟಿದ್ದರು.)

“ಸೊಸಿ ಪರ್ಮಿಶನ್ ತಗೊಂಡ ಉಣ್ಣಬೇಕೇನ ನಾ?”

“ಪರ್ಮಿಶನ್ ಅಲ್ಲವ್ವ, ಮರ್ಯಾದಿ.”

“ಎರಡೂ ಒಂದ.”

ಯಜಮಾನಿ ಬಾಗಿಲ ಬಳಿ ಕಾಯುತ್ತಿದ್ದರು. ಪರರ ಮನೆಯಲ್ಲಿ ಪದ್ಧತಿ ಮುರಿಯುವ ಹೆಂಗಸಲ್ಲ ನಮ್ಮತ್ತೆ. ನನ್ನತ್ತ ತಿರುಗಿದರು. ತಲೆ ಒಂದು ಕಾಳಿನಷ್ಟು ಬಾಗಿತು.

“ಹೂಂ. ನಾ ಶುರು ಮಾಡ್ತೀನಿ.”

“ಆಗ್ಲಿ ರಿ” ಅಂದೆ. ಇನ್ನೇನು ಅನ್ನಬೇಕು? ನಾನು ಅತ್ತೆಯ ಮನೆಗೆ ಸೊಸೆಯಾಗಿ ಹೋದ ಹೊಸದರಲ್ಲಿ ಎಲ್ಲರ ಊಟವಾದ ಮೇಲೆ ನನ್ನ ತಾಟು. ಅದು ಶಿಕ್ಷೆಯೇನಲ್ಲ, ಹಾಗೇ ಇತ್ತು. ಅತ್ತೆಯೂ ತಮ್ಮ ಅತ್ತೆಯ ಮನೆಯಲ್ಲಿ ಹಾಗೇ ಉಂಡವರು. ಯಾರೂ ನನ್ನನ್ನು ಕೇಳಿ ಉಂಡಿರಲಿಲ್ಲ. ಕೇಳಲಿ ಎಂದು ನನಗೂ ಅನ್ನಿಸಿರಲಿಲ್ಲ. ಈಗ ಒಂದೊಂದು ಬಟ್ಟಲಿಗೂ ಒಮ್ಮೆ ಆ ಮುಖ ನನ್ನತ್ತ ತಿರುಗುತ್ತಿತ್ತು.

ಹುರಿಯದ ಎಳ್ಳು ರುಬ್ಬಿ ಮಾಡಿದ ಮೆತ್ತನೆಯ ಬಿಲ್ಲೆ. “ನಾ ಶುರು ಮಾಡ್ತೀನಿ.” ಇಲ್ಲಿನ ಬೆಟ್ಟಗಳಲ್ಲೇ ಸಿಗುವ ಅಣಬೆ ಹಾಕಿದ ತಿಳಿಸಾರು, ಮುಚ್ಚಳ ತೆಗೆದರೆ ಹಸಿ ಮಣ್ಣಿನ ಘಮ. “ನಾ ಶುರು ಮಾಡ್ತೀನಿ, ಉಪ್ಪ ಸಾಲದು.” ಕೆಂಡದ ಮೇಲೆ ಸುಟ್ಟ ಬದನೆಕಾಯಿ. ಇದಕ್ಕೆ ಅತ್ತೆ ಕಣ್ಣರಳಿಸಿದರು. “ಇದು ನಮ್ಮದ. ಖಾರ ಹಾಕೂದ ಮರತಾರ.” ಆಮೇಲಿನ ಬಟ್ಟಲು ಬರುವ ಹೊತ್ತಿಗೆ ಅವರಿಗೆ ಆಟ ಹಿಡಿಸಿಬಿಟ್ಟಿತ್ತು. ತಾವೇ ತಿರುಗಿ, “ನಾ ಮೊದಲ. ನೀನೂ ಉಣ್ಣು, ಆರಿ ಹೋಗತೈತಿ” ಎನ್ನತೊಡಗಿದರು.

ಮೇಘಾ ಇವುಗಳಲ್ಲಿ ಉಪ್ಪು ಖಾರದ ದೂರುಗಳನ್ನು ಬಿಟ್ಟು ಉಳಿದದ್ದನ್ನು ಇಂಗ್ಲಿಷಿಗೆ ಒಯ್ಯುತ್ತಿದ್ದಳು. ಒಯ್ಯಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಊಟದ ಕೊನೆಗೆ ಬಂದದ್ದು ಬಿಸಿನೀರು. ಪಾತ್ರೆಯ ತಳಕ್ಕೆ ಹತ್ತಿಕೊಂಡು ಕಂದಿದ ಅನ್ನದ ಸೀಕನ್ನು ಹಾಕಿದ ನೀರು. ಜೊತೆಗೆ ಎರಡು ಹೋಳು ಉಪ್ಪಿನಕಾಯಿ. ಇದನ್ನು ಏನು ಮಾಡಬೇಕು ಎಂದು ಯಜಮಾನಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಆ ನೀರನ್ನು ಅನ್ನದ ಬಟ್ಟಲಿಗೆ ಸುರಿದುಕೊಂಡು, ಬೆರಳಿನಿಂದ ಸುತ್ತ ತಿರುವಿ, ಅದನ್ನೇ ಸಾರಿನ ಬಟ್ಟಲಿಗೆ ಹಾಕಿ ತೊಳೆದು, ಎತ್ತಿ ಕುಡಿದುಬಿಟ್ಟರು. ಬಟ್ಟಲು ಎರಡೂ ಲಕಲಕ.

ಯಜಮಾನಿಯ ಬಾಯಿ ತೆರೆದೇ ಇತ್ತು. “ಇವರು ಚಹಾ ಪದ್ಧತಿ ಕಲಿತಿದ್ದಾರಾ?” ಎಂದು ಕೇಳಿದರು. ಮಾಡಬೇಕಾದದ್ದು ಅದನ್ನೇ ಅಂತೆ. ಬೆರಳಿನ ಬದಲು ಉಪ್ಪಿನಕಾಯಿ ಹೋಳಿನಿಂದ ಒರೆಸಬೇಕು, ಅಷ್ಟೇ ವ್ಯತ್ಯಾಸ. ಬಂದವರಿಗೆಲ್ಲ ಇದನ್ನು ಹೇಳಿಕೊಡಬೇಕಾಗುತ್ತದೆ, ಕೆಲವರು ಮುಖ ಕಿವುಚುತ್ತಾರೆ ಎಂದರು.

“ನಮ್ಮ ಮನ್ಯಾಗ ಮೊದಲಿಂದಲೂ ತಾಟ ತೊಳದ ಕುಡಿಯೂದ” ಅಂದರು ಅತ್ತೆ. “ಅನ್ನ ಅಂದ್ರ ಪ್ರಸಾದ. ಒಂದ ಅಗಳ ಬಿಟ್ರೂ ನಮ್ಮತ್ತಿ ಬೈತಿದ್ರು.”

ಲಿಂಗಾಯತ ಮನೆಗಳಲ್ಲಿ ಹುಟ್ಟಿದವರಿಗೆ ಇದು ಗೊತ್ತು. ಮೇಘಾಗೂ ಗೊತ್ತಿತ್ತು. ಈ ಸಲ ಅವಳು ಒಂದು ಅಕ್ಷರ ಬಿಡದೆ ಅನುವಾದಿಸಿದಳು. ಯಜಮಾನಿ ಮತ್ತೆ ಚಾಪೆಗೆ ಕೈಯೂರಿ ಬಾಗಿದರು. ಅತ್ತೆಯೂ ಕೈ ಮುಗಿದರು. ಅನುವಾದ ಬೇಕಾಗಲಿಲ್ಲ.

ಆಮೇಲೆ ಎಲ್ಲರೂ ಚಾಪ್‌ಸ್ಟಿಕ್ಕುಗಳನ್ನು ಒಟ್ಟಿಗೆ ತಟ್ಟೆಯೊಳಕ್ಕೆ ಬೀಳಿಸಬೇಕು. ಆ ಸಪ್ಪಳ ಕೇಳಿಸಿದರೆ ಊಟ ಮುಗಿಯಿತು ಎಂದು ಯಜಮಾನಿಗೆ ಒಳಗೆ ಗೊತ್ತಾಗುತ್ತದೆ. ಇಡೀ ಸಂಜೆ ಚಾಪ್‌ಸ್ಟಿಕ್ ಮುಟ್ಟದಿದ್ದ ಅತ್ತೆ ಎಲ್ಲರಿಗಿಂತ ಜೋರಾಗಿ ಬೀಳಿಸಿದರು.

ಒಂದು ಮಾತು ಹೇಳಲೇ? ನಮ್ಮ ಮನೆಗಳಲ್ಲಿ ಮನೆಯವರನ್ನು ಎದುರಿಗೇ ಮೆಚ್ಚುವ ಪದ್ಧತಿಯಿಲ್ಲ. ದೃಷ್ಟಿಯಾಗುತ್ತದೆ ಎನ್ನುತ್ತೇವೆ, ತಲೆ ತಿರುಗುತ್ತದೆ ಎನ್ನುತ್ತೇವೆ. ಸಂತೋಷವಾದರೆ ಇನ್ನೊಂದು ರೊಟ್ಟಿ ಹಾಕುತ್ತೇವೆ. ಸಿಟ್ಟು ಬಂದರೂ ಅದನ್ನೇ ಹಾಕುತ್ತೇವೆ, ಸ್ವಲ್ಪ ಜೋರಾಗಿ. ಯಾವುದು ಯಾವುದೆಂದು ಉಣ್ಣುವವರು ಊಹಿಸಬೇಕು. ಈ ಜಪಾನಿನವರು ಅದಕ್ಕೆಂದೇ ಒಬ್ಬರನ್ನು ನೇಮಿಸಿ, ಹೂವಿನ ಪಕ್ಕ ಕೂಡಿಸಿ, ಹೇಳಲೇಬೇಕು ಎಂದು ಕಟ್ಟುಹಾಕಿಬಿಟ್ಟಿದ್ದಾರೆ. ನಮ್ಮಲ್ಲೂ ಮನೆಗೊಬ್ಬರನ್ನು ಹಾಗೆ ಕೂಡಿಸಿದ್ದರೆ ಎಷ್ಟು ಸೊಸೆಯರು, ಎಷ್ಟು ಅಡುಗೆಯವರು, ಎಷ್ಟು ಅಪ್ಪಂದಿರು ಬದುಕಿಕೊಳ್ಳುತ್ತಿದ್ದರು?

ಸಿಹಿ ಬಂತು, ಚೆಸ್ಟ್‌ನಟ್ ಎಂಬ ಕಾಯಿ ಅರೆದು ಮಾಡಿದ್ದು. ಕೊನೆಗೆ ಚಹಾ. ಹಸಿರು ನೊರೆಯ ಚಹಾ, ದಪ್ಪ ಕರಿ ಬಟ್ಟಲಿನಲ್ಲಿ. ಅತ್ತೆ ನನ್ನತ್ತ ತಿರುಗಿ, ಯಾರೂ ನೆನಪಿಸದೆಯೇ ಬಾಗಿ, ಕುಡಿದರು. ಮುಖ ಹಿಂಡಿತು. “ಕಹಿ ಐತಿ.” ಒಂದು ಗಳಿಗೆ ಬಿಟ್ಟು, “ಬಾಯಿ ಸ್ವಚ್ಛ ಆತು.”

ಕುಡಿದಾದ ಮೇಲೆ ಬಟ್ಟಲನ್ನು ನೋಡುವುದೂ ಒಂದು ಪದ್ಧತಿ. ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಹತ್ತಿರವಾಗಿ ಬಗ್ಗಿ ನೋಡಬೇಕು, ಜಾರಿದರೂ ಒಡೆಯಬಾರದು. ಅತ್ತೆ ಬಟ್ಟಲನ್ನು ತಿರುಗಿಸಿ ನೋಡಿದರು, ಬೋರಲು ಹಾಕಿ ತಳ ನೋಡಿದರು. ಹಸಿ ಮಣ್ಣಿದ್ದಾಗ ಕುಂಬಾರನ ಹೆಬ್ಬೆರಳು ಒತ್ತಿದ ಕಡೆ ತಮ್ಮ ಹೆಬ್ಬೆರಳನ್ನು ಇಟ್ಟು ನೋಡಿದರು. ಯಜಮಾನಿ ಏನೋ ಹೇಳಿದರು.

“ನೀ ಭಾಳ ಸಾವಕಾಶ ನೋಡ್ತಿ, ಮಾಡಿದವರಿಗೆ ಸಂತೋಷ ಆಗತಿತ್ತು ಅಂತಾರವ್ವ” ಎಂದರು ನಮ್ಮವರು.

ಅತ್ತೆ ಬಟ್ಟಲನ್ನು ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, “ಏ, ಆ ಕಾಗದ ತಂದಿಯೇನು?”

“ಯಾವ ಕಾಗದ ರಿ?”

“ನಿಂದ. ರಟ್ಟಿನ ಕವರ್‌ನ್ಯಾಗಿಂದು. ಟಪಾಲ ಡಬ್ಬಿಯಿಂದ ತಂದ ಟೇಬಲ್ ಮ್ಯಾಲೆ ಇಟ್ಟಾಕಿ ನಾನ. ಇವತ್ತ ತೋರಸ್ತಾಳ, ನಾಳಿ ತೋರಸ್ತಾಳ ಅಂತ ಕಾದ್ನಿ.”

“ನೀವು ಕೇಳ್ತೀರಿ ಅಂತ ನಾನೂ ಕಾದೆ.”

“ನಿನ್ನ ಕಾಗದ, ನಾ ಯಾಕ ಕೇಳ್ಲಿ?”

ನಮ್ಮವರು ಇದನ್ನು ಅನುವಾದಿಸಬೇಕೋ ಬೇಡವೋ ಎಂದು ಮಗಳ ಮುಖ ನೋಡಿದರು. ನಾನು ಬ್ಯಾಗಿನಿಂದ ಕವರು ತೆಗೆದು, ಸರ್ಟಿಫಿಕೇಟನ್ನು ಹೊರಗೆಳೆದು, ಎರಡೂ ಕೈಯಿಂದ ಅತ್ತೆಗೆ ಕೊಟ್ಟೆ.

ಅವರು ಅದನ್ನೂ ನೆಲಕ್ಕೆ ಹತ್ತಿರವಾಗಿ ಹಿಡಿದು, ಬಗ್ಗಿ ನೋಡಿದರು. ಮುಂದೆ ನೋಡಿದರು, ಹಿಂದೆ ನೋಡಿದರು. ಉಬ್ಬಿದ ಮುದ್ರೆಯ ಮೇಲೆ ಹಗೂರಕ್ಕೆ ಬೆರಳಾಡಿಸಿದರು.

“ಇದರಾಗ ನಿನ್ನ ಹೆಸರ ಎಲ್ಲೈತಿ?”

ತೋರಿಸಿದೆ. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಅಕ್ಷರದಿಂದ ಅಕ್ಷರಕ್ಕೆ ಕಣ್ಣು ಸರಿಯಿತು, ಎಡದಿಂದ ಬಲಕ್ಕೆ, ಕೊನೆಯ ತನಕ. ಆಮೇಲೆ ಯಜಮಾನಿಯ ಕಡೆ ತಿರುಗಿದರು. ಮೊದಲ ಅತಿಥಿ ಮಾತಾಡಿದರು.

“ಆಗ ಕೇಳಿದ್ರಲ್ಲ, ಏನ ಸಂತೋಷ ಅಂತ. ನಮ್ಮ ಸೊಸಿ ಡಿಗ್ರಿ ಪಾಸಾಗ್ಯಾಳ. ಮನಿ ಮಾಡ್ಕೊಂಡು, ಮಗಳನ್ನ ಬೆಳೆಸ್ಕೊಂಡು, ರೈಲಿನ್ಯಾಗ ಅಡ್ಡಾಡಿ ಓದ್ಯಾಳ. ನಾನ ನೋಡೇನಿ.”

ಮೇಘಾ ಅನುವಾದ ಶುರುಮಾಡಿದಳು, ನಡುವೆಯೇ ಬಿಟ್ಟು ನನ್ನ ತೋಳು ಹಿಡಿದಳು, ಉಳಿದದ್ದನ್ನು ನಮ್ಮವರು ಮುಗಿಸಿದರು. ಯಜಮಾನಿ ಈ ಸಲ ನನ್ನ ಕಡೆ ತಿರುಗಿ ಬಾಗಿದರು. ಪ್ರತಿಯಾಗಿ ಬಾಗಲು ನನಗೆ ಆಗಲೇ ಇಲ್ಲ, ಕಣ್ಣೊರೆಸಿಕೊಳ್ಳುವುದರಲ್ಲಿದ್ದೆ.

ಒಂದಿಷ್ಟು ಹೊತ್ತು ಬಿಟ್ಟು, ವಾಪಸ್ಸು ತೆಗೆದುಕೊಳ್ಳಲು ಕೈ ಚಾಚಿದೆ. ಅತ್ತೆ ಸರ್ಟಿಫಿಕೇಟನ್ನು ಕವರಿಗೆ ಸೇರಿಸಿ, ಕವರನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿದರು.

“ಇದು ನನ್ನ ಕಡೆ ಇರ್ಲಿ, ಊರಾಗ ಮಂದಿಗೆ ತೋರಿಸೂದೈತಿ. ನಿನಗ ಬೇಕಾದ್ರ ಇನ್ನೊಂದ ಪಾಸಾಗು.”